ಸುಮ್ನೆ ಒಂದು ಸೀಲ್ ಹಾಕಿ ಸರ್ ಅಂದಾಗ ಏನು ಮಾಡಬೇಕು?

ಹೊಸದಾಗಿ ನೋಟರಿ ಆದ ವಕೀಲ ಮಿತ್ರರಿಗೆ ಒಂದು ಮಾತು. ಒತ್ತಡ ಅಪರಿಚಿತರಿಂದ ಬರುವುದು ಕಡಿಮೆ. ಹಳೇ ಕಕ್ಷಿದಾರರು, ನೆಂಟರು, ಪಕ್ಕದ ಟೇಬಲ್ಲಿನ ವಕೀಲರು, ಇವರದ್ದೇ ಜಾಸ್ತಿ. "ಅಪ್ಪ ಹಾಸಿಗೆ ಹಿಡಿದಿದ್ದಾರೆ ಸರ್, ಮನೆಯಲ್ಲೇ ಸಹಿ ಮಾಡಿದ್ದಾರೆ, ನೀವು ಸೀಲ್ ಹಾಕಿ ಸಾಕು" ಅಂತಾರೆ.

ನಾನು ವಾದಕ್ಕೆ ಇಳಿಯುವುದಿಲ್ಲ. ನೋಟರಿ ಮಾಡಿದ ಪ್ರತಿಯೊಂದು ಕಾಗದವನ್ನೂ ಬರೆದಿಡುವ ರಿಜಿಸ್ಟರ್ ತೆರೆದು ಅವರ ಕಡೆ ತಿರುಗಿಸುತ್ತೇನೆ, ಸಹಿ ಹಾಕುವ ಜಾಗದ ಮೇಲೆ ಬೆರಳಿಟ್ಟು "ಇಲ್ಲಿ ಅವರೇ ಸಹಿ ಹಾಕಬೇಕು, ನಾನೇ ಮನೆಗೆ ಬರ್ತೀನಿ, ಎಷ್ಟು ಗಂಟೆಗೆ ಬರಲಿ?" ಅಂತ ಕೇಳುತ್ತೇನೆ. ನಿಜಕ್ಕೂ ಕಾಯಿಲೆ ಇದ್ದರೆ ಮನೆಯವರು ತಕ್ಷಣ ವಿಳಾಸ ಹೇಳುತ್ತಾರೆ. ಉಳಿದವರು ಕಾಗದ ಮಡಚಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಆ ಅಪ್ಪನ ಸೈಟು ಅವರಿಗೇ ಗೊತ್ತಿಲ್ಲದೆ ಕೈಬಿಟ್ಟು ಹೋಗುವುದಕ್ಕೆ ನಮ್ಮ ಸೀಲು ದಾರಿಯಾಗಬಾರದು ಅಲ್ವಾ?

ಹಿಂದಿನ ದಿನಾಂಕ ಹಾಕಿ ಅಂದರೂ ಅದೇ ರಿಜಿಸ್ಟರ್ ತೋರಿಸಿ. ನಂಬರುಗಳು ಸಾಲಾಗಿ ಇರುತ್ತವೆ, ನಡುವೆ ತೂರಿಸುವಂತಿಲ್ಲ. ಅದಕ್ಕೇ ಒಂದು ಸಾಲನ್ನೂ ಖಾಲಿ ಬಿಡಬೇಡಿ.

ಮದುವೆ, ವಿಚ್ಛೇದನದ ಪತ್ರ ಕೇಳಿಕೊಂಡು ಬಂದರೆ ಖಡಾಖಂಡಿತ ಬೇಡ ಅನ್ನಿ. ನೋಟರಿಗಳು ಇದನ್ನು ಮಾಡುವಂತಿಲ್ಲ ಅಂತ 2024ರಲ್ಲಿ ಕೇಂದ್ರ ಕಾನೂನು ಸಚಿವಾಲಯವೇ ಸೂಚನೆ ಕೊಟ್ಟಿದೆ. ಅದರ ಪ್ರತಿ ಗೋಡೆಗೆ ಅಂಟಿಸಿ, ಅರ್ಧ ಮಾತು ಉಳಿಯುತ್ತೆ. 1952ರ ನೋಟರಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ವೃತ್ತಿ ದುರ್ನಡತೆ ಸಾಬೀತಾದರೆ ನೋಟರಿಗಳ ಪಟ್ಟಿಯಿಂದ ಹೆಸರೇ ಹೋಗಬಹುದು.

ಇನ್ನೊಂದು, ಊಟಕ್ಕೆ ಎದ್ದಾಗ ಸೀಲು ಟೇಬಲ್ ಮೇಲೆ ಬಿಡಬೇಡಿ. ಡ್ರಾಯರಿಗೆ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ.