ಇಲಿಗೆ ಫ್ಲೂ ಬರಿಸಲು ಒದ್ದಾಡಿದ್ದು

ಹತ್ತು ಇಲಿಗಳ ಮೂಗಿಗೆ ಒಂದೇ ಟ್ಯೂಬಿನಿಂದ ವೈರಸ್ ಹಾಕಿದ್ದೆ. ಆರನೇ ದಿನಕ್ಕೆ ನಾಲ್ಕು ಇಲಿಗಳು ಕೂದಲು ನಿಮಿರಿಸಿಕೊಂಡು ಮೂಲೆ ಹಿಡಿದವು. ಉಳಿದ ಆರು ಏನೂ ಆಗಿಲ್ಲವೆಂಬಂತೆ ಪಂಜರದಲ್ಲಿ ಓಡಾಡುತ್ತಿದ್ದವು.

ಮೊದಲು ವೈರಸ್ ಮೇಲೆ ಅನುಮಾನ ಬಂತು. ನಮ್ಮದು ಪಿಆರ್8 ಎಂಬ ಫ್ಲೂ ವೈರಸ್. 1934ರಲ್ಲಿ ಪೋರ್ಟೊರಿಕೊದಲ್ಲಿ ಸಿಕ್ಕ ಎಚ್1ಎನ್1, ಇಲಿಯಿಂದ ಇಲಿಗೆ ದಾಟಿಸುತ್ತಾ ಒಗ್ಗಿಸಿದ್ದು. ನಾಯಿಯ ಮೂತ್ರಪಿಂಡದಿಂದ ಬೆಳೆಸಿದ ಎಂಡಿಸಿಕೆ ಕೋಶಗಳ ಮೇಲೆ ಪ್ಲಾಕ್, ಅಂದರೆ ವೈರಸ್ ಕೋಶಗಳನ್ನು ಕೊಂದು ಮಾಡುವ ತೂತು, ಎಣಿಸಿದೆ. ವೈರಸ್ ಗಟ್ಟಿಯಾಗೇ ಇತ್ತು. ಇಲಿಗಳೂ ಒಂದೇ ತಳಿ, ಒಂದೇ ವಯಸ್ಸು. (ಲ್ಯಾಬ್ ಇಲಿಗಳಲ್ಲಿ ಹೆಚ್ಚಿನವಕ್ಕೆ ಫ್ಲೂ ತಡೆಯುವ ಎಂಎಕ್ಸ್1 ಜೀನ್ ಕೆಟ್ಟಿರುತ್ತದೆ. ಮನುಷ್ಯರಲ್ಲಿ ಅದು ಕೆಟ್ಟಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಚ್ಚುವಾಗ ಇದು ನೆನಪಿರಬೇಕು.)

"ವೈರಸ್ ಬಿಡು, ಬಣ್ಣ ಹಾಕಿ ನೋಡು" ಎಂದರು ಸೀನಿಯರ್ ಒಬ್ಬರು. ಅನುಮತಿ ಪಡೆದು, ಬೇರೆ ಪ್ರಯೋಗ ಮುಗಿದು ಹೇಗೂ ಕೊಲ್ಲಬೇಕಿದ್ದ ಇಲಿಗಳ ಮೂಗಿಗೆ ನೀಲಿ ಬಣ್ಣದ ಸಲೈನ್ ಬಿಟ್ಟೆ. ಆಮೇಲೆ ಕೊಯ್ದು ನೋಡಿದರೆ ನೀಲಿ ಇದ್ದದ್ದು ಹೊಟ್ಟೆಯಲ್ಲಿ! ಶ್ವಾಸಕೋಶ ಗುಲಾಬಿಯಾಗೇ ಇತ್ತು. ಅರೆಎಚ್ಚರದ ಇಲಿ ಎಲ್ಲವನ್ನೂ ನುಂಗಿಬಿಟ್ಟಿತ್ತು.

ಅವಸರ ನನ್ನದೇ. ಅರಿವಳಿಕೆ ಸೂಜಿ ಚುಚ್ಚಿದ ಮೇಲೆ ಸರಿಯಾಗಿ ಕಾಯುತ್ತಲೇ ಇರಲಿಲ್ಲ. ಈಗ ಹಿಂಗಾಲಿನ ಬೆರಳು ಹಿಂಡಿ ನೋಡುತ್ತೇನೆ. ಕಾಲು ಎಳೆದುಕೊಂಡರೆ ಇನ್ನೂ ಕಾಯಬೇಕು. ಉಸಿರು ನಿಧಾನವಾದ ಮೇಲೆ ತಲೆ ಮೇಲಾಗಿ ಹಿಡಿದು 50 ಮೈಕ್ರೋಲೀಟರ್, ಅಂದರೆ ಸುಮಾರು ಒಂದು ಹನಿ, ಚೂರುಚೂರೇ ಬಿಡುತ್ತೇನೆ. ಪ್ರತಿ ಚೂರನ್ನೂ ಇಲಿಯೇ ಉಸಿರಿನ ಜೊತೆ ಒಳಗೆಳೆಯಬೇಕು. ಗುಳ್ಳೆ ಬಂದರೆ ನಿಲ್ಲಿಸುತ್ತೇನೆ. ತೀರಾ ಕಡಿಮೆ ಹಾಕಿದರೆ ಸೋಂಕು ಮೂಗಲ್ಲೇ ಉಳಿಯುತ್ತದೆ.

ಆಮೇಲೆ ತಕ್ಕಡಿಯೇ ಗತಿ. ಇಲಿಗೆ ನಮ್ಮ ಹಾಗೆ ಜ್ವರ ಬರುವುದಿಲ್ಲ, ಮೈ ತಣ್ಣಗಾಗುತ್ತದೆ. ಕೆಮ್ಮು, ಸೀನು ಕಾಣುವುದಿಲ್ಲ. ಫ್ಲೂ ಒಬ್ಬರಿಂದೊಬ್ಬರಿಗೆ ಹೇಗೆ ಹರಡುತ್ತದೆ ಎಂದು ನೋಡುವವರು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೆ ಹೋಗುವುದು ಇದಕ್ಕೇ ಅಲ್ವಾ? ದಿನಾ ಬೆಳಗ್ಗೆ ಅದೇ ಹೊತ್ತಿಗೆ ತೂಗಬೇಕು, ಭಾನುವಾರವೂ. ಶುರುವಿನ ತೂಕದಲ್ಲಿ 20% ಇಳಿದ ಇಲಿಯನ್ನು ನರಳಲು ಬಿಡದೆ ನೋವಿಲ್ಲದಂತೆ ಕೊನೆಗಾಣಿಸಬೇಕು. ಎಥಿಕ್ಸ್ ಕಮಿಟಿ ನಮಗೆ ಹಾಕಿದ್ದ ಗೆರೆ ಅದು.

ಎರಡನೇ ಸಲ ಹತ್ತೂ ಇಲಿಗಳ ತೂಕ ಮೂರನೇ ದಿನದಿಂದಲೇ ಇಳಿಯಿತು. ಖುಷಿಪಟ್ಟೆ. ಏಳನೇ ದಿನ ಎರಡು ಇಲಿಗಳು ಆ ಗೆರೆ ಮುಟ್ಟಿದವು. ಅವತ್ತು ತಕ್ಕಡಿ ಸರಿಯಿದೆಯಾ ಎಂದು ಮೂರು ಸಲ ನೋಡಿದೆ.