ಶ್ವಾಸಕೋಶದ ಸ್ಲೈಡಿನಲ್ಲಿ ಎಸ್‌ಪಿ-ಸಿ ಪ್ರೋಟೀನ್ ಹುಡುಕುವುದು ಹೇಗೆ?

ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳಬೇಕಿತ್ತು ಅಲ್ವಾ? ಹಾಗಾಗದಂತೆ ತಡೆಯುವುದು ಒಳಗೋಡೆಯ ಮೇಲಿರುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದರ. ದಿನ ತುಂಬದೆ ಹುಟ್ಟಿದ ಮಕ್ಕಳು ಉಸಿರಿಗೆ ಒದ್ದಾಡುವುದು ಈ ಪದರ ಸಾಲದೆ ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಪದರದಲ್ಲಿ ಸುಮಾರು ಶೇ 90ರಷ್ಟು ಕೊಬ್ಬು, ಉಳಿದದ್ದು ಪ್ರೋಟೀನ್. ಸರ್ಫ್ಯಾಕ್ಟಂಟಿಗೇ ಸೇರಿದ ಪ್ರೋಟೀನುಗಳು (ಸರ್ಫ್ಯಾಕ್ಟಂಟ್ ಪ್ರೋಟೀನ್, ಚಿಕ್ಕದಾಗಿ ಎಸ್‌ಪಿ) ನಾಲ್ಕು: ಎಸ್‌ಪಿ-ಎ, ಬಿ, ಸಿ ಮತ್ತು ಡಿ.

ಸ್ಲೈಡಿನಲ್ಲಿ ಒಂದು ಪ್ರೋಟೀನ್ ಹುಡುಕಲು ಅದಕ್ಕೇ ಅಂಟಿಕೊಳ್ಳುವ ಆ್ಯಂಟಿಬಾಡಿ ಬೇಕು. ಪ್ರಾಜೆಕ್ಟಿಗೆ ಬರುವ ವಿದ್ಯಾರ್ಥಿಗಳು ಯಾವುದರ ಆ್ಯಂಟಿಬಾಡಿ ತರಿಸೋಣ ಎಂದು ಕೇಳಿದರೆ ನಾನು 'ಸಿ' ಎನ್ನುತ್ತೇನೆ. ಎ, ಬಿ, ಡಿ ಮೂರೂ ಶ್ವಾಸನಾಳದ ಕ್ಲಬ್ ಕೋಶಗಳಲ್ಲೂ ಸಿಗುತ್ತವೆ. ಸಿ ಮಾತ್ರ ಸರ್ಫ್ಯಾಕ್ಟಂಟ್ ತಯಾರಿಸುವ ಟೈಪ್-2 ಕೋಶಗಳ ಗುರುತು.

ಆ್ಯಂಟಿಬಾಡಿಯ ಪುಟ್ಟ ಸೀಸೆಯ (ವಯಲ್) ಮೇಲೆ 'ಪ್ರೊ ಎಸ್‌ಪಿ-ಸಿ' ಎಂದಿದೆಯೇ ನೋಡಿ. ಪೂರ್ತಿ ತಯಾರಾದ ಎಸ್‌ಪಿ-ಸಿಯಲ್ಲಿ ಇರುವುದು ಸುಮಾರು 35 ಅಮೈನೊ ಆಮ್ಲ ಅಷ್ಟೇ, ಅದೂ ತುಂಬಾ ಜಿಡ್ಡು. ಅದರ ವಿರುದ್ಧ ಒಳ್ಳೆಯ ಆ್ಯಂಟಿಬಾಡಿ ಮಾಡುವುದು ಕಷ್ಟ. ಕೋಶ ಮೊದಲು ಸುಮಾರು 21 ಕಿಲೋಡಾಲ್ಟನ್ ತೂಕದ ಉದ್ದನೆಯ ಪ್ರೋಟೀನ್ ಮಾಡಿ, ಆಮೇಲೆ ಕತ್ತರಿಸುತ್ತದೆ. ಪ್ರೊ ಆ್ಯಂಟಿಬಾಡಿ ಹಿಡಿಯುವುದು ಈ ಉದ್ದನೆಯದನ್ನು. ಹಾಗಾಗಿ ನಿಮಗೆ ಕಾಣುವುದು ಕೋಶದೊಳಗೆ ಇನ್ನೂ ತಯಾರಾಗುತ್ತಿರುವ ಸರಕು, ಹೊರಗೆ ಹರಡಿದ ಪದರ ಅಲ್ಲ. ಆ್ಯಂಟಿಬಾಡಿ ಯಾವ ಪ್ರಾಣಿಯಿಂದ ಬಂದಿದೆ, ಇಲಿಗೋ ಮನುಷ್ಯರಿಗೋ, ಮೇಣದಲ್ಲಿ ಹುದುಗಿಸಿ ಕತ್ತರಿಸಿದ ಸ್ಲೈಡಿಗೆ ಆಗುತ್ತದೆಯೇ ಎಂಬುದನ್ನೂ ಓದಿ. 'ಸಂಶೋಧನೆಗೆ ಮಾತ್ರ' ಎಂದಿದ್ದರೆ ಅದನ್ನು ರೋಗಿಯ ಕಾಯಿಲೆ ಹೇಳಲು ಬಳಸುವಂತಿಲ್ಲ.

ಆ್ಯಂಟಿಬಾಡಿ ಬಂದ ದಿನವೇ ಪುಟ್ಟ ಟ್ಯೂಬುಗಳಿಗೆ ಹಂಚಿ, ಜೊತೆಗೆ ಬಂದ ಕರಪತ್ರದಲ್ಲಿ ಹೇಳಿದ ತಂಪಿನಲ್ಲಿಡಿ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಅದರ ಶಕ್ತಿ ಹೋಗುತ್ತದೆ.

ಇನ್ನು ಶ್ವಾಸಕೋಶ. ಸುಮ್ನೆ ಫಾರ್ಮಲಿನ್‌ನಲ್ಲಿ (ಅಂಗ ಕೆಡದಂತೆ ಇಡುವ ದ್ರವ) ಮುಳುಗಿಸಿದರೆ ಅದು ಒದ್ದೆ ಬಟ್ಟೆಯ ಹಾಗೆ ಮುದುಡುತ್ತದೆ. ಫಾರ್ಮಲಿನ್ ಬಾಟಲಿಯನ್ನು 20ರಿಂದ 25 ಸೆಂ.ಮೀ. ಎತ್ತರದಲ್ಲಿಟ್ಟು ಶ್ವಾಸನಾಳದ ಮೂಲಕ ನಿಧಾನವಾಗಿ ತುಂಬಿಸಿ, ನಾಳ ಕಟ್ಟಿ, ಆಮೇಲೆ ಒಂದು ದಿನ ಮುಳುಗಿಸಿಡಿ. ನಂತರ ಮೇಣದ ಬ್ಲಾಕ್ ಮಾಡಿ, 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ ಸ್ಲೈಡಿಗೆ ಹತ್ತಿಸಿ. ಕ್ಸೈಲೀನ್‌ನಲ್ಲಿ ಮೇಣ ತೆಗೆದು, ಆಲ್ಕೋಹಾಲ್ ದಾಟಿಸಿ ನೀರಿಗೆ ತನ್ನಿ.

ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ಅದನ್ನು ಸಡಿಲಿಸಲು ಪಿಎಚ್ 6ರ ಸಿಟ್ರೇಟ್ ಬಫರ್‌ನಲ್ಲಿ, ಸುಮಾರು 95 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಬಿಸಿಯಲ್ಲೇ ಹೊರಗೆಳೆಯಬೇಡಿ, ಅರ್ಧ ಗಂಟೆ ಅಲ್ಲೇ ಆರಲಿ. ಇಲ್ಲಿಂದ ಮುಂದೆ ಸ್ಲೈಡ್ ಒಣಗಲೇಬಾರದು. ಒಣಗಿದ ಅಂಚು ಕೊನೆಗೆ ಸುಳ್ಳು ಬಣ್ಣ ತೋರಿಸುತ್ತದೆ.

ಕೆಂಪು ರಕ್ತಕಣಗಳು ತಾವೇ ಬಣ್ಣ ಬರಿಸದಂತೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ತೊಳೆದು, ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಶೇ 5ರ ಮೇಕೆ ಸೀರಮ್ ಒಂದು ಗಂಟೆ. ಎರಡನೇ ಆ್ಯಂಟಿಬಾಡಿ (ಎಸ್‌ಪಿ-ಸಿ ಹಿಡಿಯುವ ಮುಖ್ಯ ಆ್ಯಂಟಿಬಾಡಿಗೆ ಅಂಟಿಕೊಳ್ಳುವಂಥದ್ದು) ಮೇಕೆಯದ್ದಾದರೆ ಸೀರಮ್ ಕೂಡ ಮೇಕೆಯದ್ದೇ ಇರಲಿ.

ಮುಖ್ಯ ಆ್ಯಂಟಿಬಾಡಿ ಎಷ್ಟು ತೆಳು ಮಾಡಬೇಕು? ಕರಪತ್ರದ ಅಂಕಿಯಿಂದ ಶುರು ಮಾಡಬಹುದು, ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. 500, 1000, 2000 ಪಟ್ಟು ತೆಳು ಮಾಡಿ ಮೂರು ಸ್ಲೈಡಿನಲ್ಲಿ ಹಾಕಿ ನೋಡಿ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಸ್ಲೈಡುಗಳನ್ನು ಮಟ್ಟಸವಾಗಿ ಮಲಗಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ.

ಬೆಳಿಗ್ಗೆ ಪಿಬಿಎಸ್‌ನಲ್ಲಿ (ತೊಳೆಯುವ ಉಪ್ಪು ಬಫರ್) ಐದೈದು ನಿಮಿಷ, ಮೂರು ಸಲ ತೊಳೆಯಿರಿ. ಪೆರಾಕ್ಸಿಡೇಸ್ ಎಂಬ ಕಿಣ್ವ ಜೋಡಿಸಿದ ಎರಡನೇ ಆ್ಯಂಟಿಬಾಡಿಯನ್ನು ಅರ್ಧ ಗಂಟೆ ಹಾಕಿ, ಮತ್ತೆ ತೊಳೆದು, ಆ ಕಿಣ್ವ ಇರುವಲ್ಲಿ ಕಂದಾಗುವ ಡಿಎಬಿ ಹಾಕಿ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಲೇ ಇರಿ. ಕಂದು ಬಣ್ಣ ಸರಿಯಾಗಿ ಏರಿದ ಸಮಯ ಬರೆದಿಟ್ಟು, ಎಲ್ಲ ಸ್ಲೈಡಿಗೂ ಅಷ್ಟೇ ಸಮಯ ಕೊಡಿ. ಕೈಗವಸು ಬೇಕೇ ಬೇಕು. ಉಳಿದ ಡಿಎಬಿಯನ್ನು ಸಿಂಕಿಗೆ ಸುರಿಯಬೇಡಿ. ಆಮೇಲೆ ನ್ಯೂಕ್ಲಿಯಸ್ ತೋರಿಸುವ ಹೆಮಟಾಕ್ಸಿಲಿನ್ ನೀಲಿ, ಆಲ್ಕೋಹಾಲ್, ಕ್ಸೈಲೀನ್, ಕವರ್‌ಸ್ಲಿಪ್.

ನಾನು ಮೊದಲ ಸಲ ಮಾಡಿದಾಗ ಸೊಗಸಾದ ಕಂದು ಬಂದಿತ್ತು. ಖುಷಿಯಿಂದ ಕಂಟ್ರೋಲ್ ಸ್ಲೈಡ್ ಇಟ್ಟು ನೋಡಿದೆ. ಮುಖ್ಯ ಆ್ಯಂಟಿಬಾಡಿಯನ್ನೇ ಹಾಕದ ಅದರಲ್ಲೂ ಕೆಂಪು ರಕ್ತಕಣಗಳು ಅದೇ ಕಂದು. ಪೆರಾಕ್ಸೈಡ್ ಹಳೆಯದಾಗಿತ್ತು. ವಾರದ ಕೆಲಸ ಹೋಯಿತು, ಆದರೆ ಆ ಒಂದು ಸ್ಲೈಡ್ ಇಲ್ಲದಿದ್ದರೆ ತಪ್ಪನ್ನೇ ಫಲಿತಾಂಶ ಎಂದು ಬರೆಯುತ್ತಿದ್ದೆ. ಅದಕ್ಕೇ ಪ್ರತಿ ಸಲವೂ ಮೂರು ಜಾಸ್ತಿ ಸ್ಲೈಡ್ ಇಡಿ: ಆರೋಗ್ಯವಂತ ಶ್ವಾಸಕೋಶದ್ದು, ಮುಖ್ಯ ಆ್ಯಂಟಿಬಾಡಿ ಹಾಕದ್ದು, ಎಸ್‌ಪಿ-ಸಿ ಇಲ್ಲದ ಯಕೃತ್ತಿನದು.

ಈಗ ಗಾಳಿಗೂಡಿನ ಮೂಲೆಗಳನ್ನು ನೋಡಿ. ಗೋಡೆಗಳು ಕೂಡುವಲ್ಲಿ ಒಂದೋ ಎರಡೋ ದುಂಡನೆಯ ಕೋಶ. ನಡುವೆ ನೀಲಿ ನ್ಯೂಕ್ಲಿಯಸ್, ಸುತ್ತ ಪುಡಿಪುಡಿಯಾದ ಕಂದು. ಪಕ್ಕದ ಚಪ್ಪಟೆ ಟೈಪ್-1 ಕೋಶಗಳಲ್ಲಿ ಕಂದು ಇರಬಾರದು. ಶ್ವಾಸನಾಳದ ಒಳಪದರವೂ ಕಂದಾಗಿದ್ದರೆ ನೋಟ್‌ಬುಕ್ಕಿನಲ್ಲಿ ಫಲಿತಾಂಶ ಬರೆಯಬೇಡಿ. ಆ್ಯಂಟಿಬಾಡಿಯನ್ನು ಇನ್ನೂ ಅರ್ಧಕ್ಕೆ ತೆಳು ಮಾಡಿ, ಹೊಸ ಸ್ಲೈಡ್ ಕತ್ತರಿಸಿ.