ಡೇನಿಯಲ್ ಬೂನನ ವಂಶಾವಳಿ: ನನ್ನ ಅನುಭವ

ಪೆನ್ಸಿಲ್ವೇನಿಯಾದ ರೆಡಿಂಗ್ ಪಟ್ಟಣದ ಬಳಿ ನಾವು ಮನೆ ಮಾಡಿದ ಮೇಲೆ, ಪಕ್ಕದ ಮನೆಯ ವೃದ್ಧರೊಬ್ಬರು ತಮ್ಮ ತಾಯಿಯ ಕಡೆಯವರು ಹದಿನೆಂಟನೆಯ ಶತಮಾನದಲ್ಲಿ ಕೆಂಟಕಿಗೆ ವಲಸೆಗಾರರ ದಾರಿ ತೆರೆದ ಡೇನಿಯಲ್ ಬೂನನ ಸಂತತಿಯೆಂದೂ, ಅದಕ್ಕೆ ಆಧಾರ ಹುಡುಕಿಕೊಡಬೇಕೆಂದೂ ಕೇಳಿಕೊಂಡರು. ಕೆಲವು ವರ್ಷಗಳಿಗೊಮ್ಮೆ ಹೆಳವರು ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಏಳೆಂಟು ತಲೆಮಾರಿನ ಹೆಸರುಗಳನ್ನು ಸರಾಗವಾಗಿ ಒಪ್ಪಿಸಿ ಕಾಳುಕಡಿ ಪಡೆದು ಹೋಗುವುದನ್ನು ನೋಡುತ್ತಾ ಬೆಳೆದ ನನಗೆ ಇದು ನಾಲ್ಕಾರು ಭಾನುವಾರಗಳ ಕೆಲಸವೆಂದು ತೋರಿತು. ಎರಡು ವರ್ಷ ಹಿಡಿಯಿತು.

ಇಂದಿನವರಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕೆಂಬುದು ಈ ಕೆಲಸದ ಮೊದಲ ಪಾಠ. ಬೂನ್ ಹುಟ್ಟಿದ ಮನೆಯ ಜಾಗ ನಮ್ಮಿಂದ ಕೆಲವೇ ಮೈಲಿ ದೂರದಲ್ಲಿದ್ದುದರಿಂದ ನಾನು ಆಸೆಬಿದ್ದು ಮೇಲಿನಿಂದಲೇ ಇಳಿಯತೊಡಗಿದೆ. ತಂದೆ ಸ್ಕ್ವೈರ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಿಂದ 1713ರಲ್ಲಿ ಬಂದ ನೇಕಾರ, ಕಮ್ಮಾರಿಕೆಯೂ ಗೊತ್ತಿದ್ದವನು. ತಾಯಿ ಸಾರಾ ಮಾರ್ಗನ್ ವೇಲ್ಸ್ ಮೂಲದವಳು. ಇಬ್ಬರೂ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. 1720ರಲ್ಲಿ ಮದುವೆಯಾದ ಅವರ ಹನ್ನೊಂದು ಮಕ್ಕಳಲ್ಲಿ ಡೇನಿಯಲ್ ಆರನೆಯವನು.

ಮೊದಲ ತಪ್ಪು ನಡೆದದ್ದು ಅವನ ಹುಟ್ಟಿದ ದಿನದಲ್ಲೇ. ತಿಂಗಳುಗಳ ಹೆಸರಿನಲ್ಲಿ ಅನ್ಯದೇವತೆಗಳಿದ್ದಾರೆಂದು ಕ್ವೇಕರರು ಅಂಕೆಯಲ್ಲಿಯೇ ತಿಂಗಳನ್ನು ಬರೆಯುತ್ತಿದ್ದರು. 1734ರ 8ನೆಯ ತಿಂಗಳ 22 ಎಂಬುದನ್ನು ನಾನು ಆಗಸ್ಟ್ 22 ಎಂದು ಪಟ್ಟಿಗೆ ಏರಿಸಿದೆ. 1752ಕ್ಕೆ ಮೊದಲು ಅವರ ಲೆಕ್ಕ ಮಾರ್ಚ್‌ನಿಂದ ಶುರುವಾಗುತ್ತಿತ್ತು. ಹಾಗಾಗಿ 8ನೆಯ ತಿಂಗಳೆಂದರೆ ಅಕ್ಟೋಬರ್. ಹೊಸ ಪಂಚಾಂಗಕ್ಕೆ ತರಲು ಹನ್ನೊಂದು ದಿನ ಕೂಡಿಸಿದರೆ ನವೆಂಬರ್ 2. ನಮ್ಮ ಚಾಂದ್ರಮಾನ, ಸೌರಮಾನಗಳ ವ್ಯತ್ಯಾಸವನ್ನು ಬಲ್ಲವನಾಗಿಯೂ ನಾನು ಇಲ್ಲಿ ಎಡವಿದೆನೆಂಬುದು ಈಗಲೂ ನಾಚಿಕೆಯ ಸಂಗತಿ.

ಅದೇ ಕ್ವೇಕರರು ತಮ್ಮವರ ತಪ್ಪುಗಳನ್ನೂ ಶ್ರದ್ಧೆಯಿಂದ ಬರೆದಿಟ್ಟರೆಂಬುದು ನನ್ನ ಪುಣ್ಯ. 1742ರಲ್ಲಿ ಹಿರಿಯ ಮಗಳು ಪಂಥದ ಹೊರಗಿನವನನ್ನು ಮದುವೆಯಾದಾಗ ಸ್ಕ್ವೈರ್ ತಪ್ಪೊಪ್ಪಿಕೊಂಡ. ಐದು ವರ್ಷಗಳ ಬಳಿಕ ಮಗ ಇಸ್ರೇಲ್ ಹಾಗೆಯೇ ಮಾಡಿದಾಗ ಸ್ಕ್ವೈರ್ ಬಗ್ಗಲಿಲ್ಲ. ಸಭೆ ಅವನನ್ನು ಹೊರಹಾಕಿತು. 1750ರಲ್ಲಿ ಕುಟುಂಬ ದಕ್ಷಿಣದತ್ತ ಗಾಡಿ ಕಟ್ಟಿತು. ಈ ಜಗಳಗಳು ಆಗದಿದ್ದರೆ ಇಷ್ಟು ಖಚಿತವಾದ ವರ್ಷಗಳು ನನಗೆ ದಕ್ಕುತ್ತಿರಲಿಲ್ಲ.

ಅವರು ನೆಲೆಸಿದ್ದು ಉತ್ತರ ಕ್ಯಾರೊಲೈನಾದ ಯಾಡ್ಕಿನ್ ನದಿಯ ಸೀಮೆಯಲ್ಲಿ. ಆ ಜಾಗ ಈಗ ಡೇವಿ ಕೌಂಟಿಗೆ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದು) ಸೇರಿರುವುದರಿಂದ ನಾನು ಆ ಕೌಂಟಿಯ ಕ್ರಯಪತ್ರಗಳ ಸೂಚಿಯಲ್ಲಿ ಎರಡು ಪೂರ್ತಿ ದಿನ ಹುಡುಕಿದೆ. ಒಂದು ಸಾಲೂ ಸಿಗಲಿಲ್ಲ. ಡೇವಿ ಕೌಂಟಿ ರೋವನ್ ಕೌಂಟಿಯಿಂದ ಬೇರೆಯಾದದ್ದೇ 1836ರಲ್ಲಿ. ಹಳೆಯ ಕಾಗದಗಳೆಲ್ಲ ರೋವನ್‌ನಲ್ಲೇ ಉಳಿದಿದ್ದವು. ಕೆಂಟಕಿಯಲ್ಲಿ ಇದು ಇನ್ನೂ ಗೋಜಲು. 1775ರಲ್ಲಿ ಬೂನ್ ಕಟ್ಟಿದ ಬೂನ್ಸ್‌ಬರೋ ಕೋಟೆ ನಿಂತಲ್ಲಿಯೇ ನಿಂತಿದ್ದರೂ ಹನ್ನೆರಡು ವರ್ಷಗಳೊಳಗೆ ಫಿನ್‌ಕ್ಯಾಸಲ್, ಕೆಂಟಕಿ, ಲಿಂಕನ್, ಮ್ಯಾಡಿಸನ್ ಎಂಬ ನಾಲ್ಕು ಕೌಂಟಿಗಳಿಗೆ ಸೇರಿತು. ಅಂದಿನಿಂದ ಹೆಸರನ್ನು ಹುಡುಕುವ ಮುನ್ನ ಆಯಾ ವರ್ಷದ ಗಡಿಗಳ ನಕ್ಷೆಯನ್ನು ಹರಡಿಕೊಳ್ಳುವುದು ನನಗೆ ರೂಢಿಯಾಯಿತು. ಅಲ್ಲಿನ ಪತ್ರಗಳ ಚಕ್ಕುಬಂದಿಯೂ ವಿಚಿತ್ರ: ಇಂಥ ಓಕ್ ಮರದಿಂದ ಹಳ್ಳದವರೆಗೆ, ಹಳ್ಳದಿಂದ ಗುರುತು ಕೆತ್ತಿದ ಬೀಚ್ ಮರದವರೆಗೆ ಎಂದು ಸಾಗುತ್ತದೆ. ಒಬ್ಬರ ಹಕ್ಕಿನ ಮೇಲೆ ಇನ್ನೊಬ್ಬರ ಹಕ್ಕು ಬಿದ್ದು ವ್ಯಾಜ್ಯಗಳಾದುದರಲ್ಲಿ ಆಶ್ಚರ್ಯವಿಲ್ಲ. ಬೂನನೂ ಅವುಗಳಲ್ಲಿ ಜಮೀನು ಕಳೆದುಕೊಂಡ.

ಹಳೆಯ ಕೈಬರಹದಲ್ಲಿ ಪದದ ನಡುವಿನ ಎಸ್ ಅಕ್ಷರ ಉದ್ದವಾಗಿ ಎಫ್‌ನಂತೆ ಕಾಣುತ್ತದೆ. ಡೇನಿಯಲ್‌ನ ಮಗ ಜೆಸ್ಸಿಯ ಹೆಸರನ್ನು ನಾನು ಮೊದಲು ಜೆಫ್ಸಿ ಎಂದೇ ಓದಿದ್ದೆ.

1756ರಲ್ಲಿ ಡೇನಿಯಲ್ ರೆಬೆಕಾ ಬ್ರಯನ್‌ಳನ್ನು ಮದುವೆಯಾದ. ಅವರ ಹತ್ತು ಮಕ್ಕಳಲ್ಲಿ ಹಿರಿಯ ಜೇಮ್ಸ್ 1773ರ ಅಕ್ಟೋಬರ್‌ನಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿ, ಕೆಂಟಕಿಯ ದಾರಿಯಲ್ಲಿ ಮೂಲನಿವಾಸಿಗಳ ದಾಳಿಗೆ ಬಲಿಯಾದ. ಅಂದು ನಡೆದದ್ದು ತಿಳಿದಿರುವುದು, ಗುಂಪಿನಲ್ಲಿದ್ದ ಆಡಮ್ ಎಂಬ ಕರಿಯ ಗುಲಾಮ ಹೊಳೆಯ ದಡದಲ್ಲಿ ಅಡಗಿ ಎಲ್ಲವನ್ನೂ ನೋಡಿ ಬದುಕಿ ಬಂದದ್ದರಿಂದ. ಬೂನರ ವಂಶಾವಳಿಗಳು ಕಪಾಟು ತುಂಬ ಇವೆ. ಆಡಮ್‌ನ ತಂದೆತಾಯಿಯ ಹೆಸರು ನನಗೆ ಎಲ್ಲಿಯೂ ಸಿಗಲಿಲ್ಲ. ಡೇನಿಯಲ್‌ನ ಎರಡನೆಯ ಮಗ, ಇನ್ನೊಬ್ಬ ಇಸ್ರೇಲ್, 1782ರ ಬ್ಲೂ ಲಿಕ್ಸ್ ಕದನದಲ್ಲಿ ಸತ್ತ. ಕಿರಿಯ ಮಗ ನೇಥನ್‌ನನ್ನೂ ಅವನ ಹೆಂಡತಿಯನ್ನೂ ಇತಿಹಾಸ ಸಂಗ್ರಾಹಕ ಲೈಮನ್ ಡ್ರೇಪರ್ 1851ರಲ್ಲಿ ಮಿಸೌರಿಗೆ ಹೋಗಿ ಕೂಡಿಸಿಕೊಂಡು ಕೇಳಿದ ಮಾತುಗಳು ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಅವು. ಆದರೂ ಎಪ್ಪತ್ತರ ಮಗ ತಂದೆಯ ಬಗ್ಗೆ ಹೇಳಿದ್ದೆಂಬುದನ್ನು ಮರೆಯದೆ ಓದಿದೆ.

ಇಷ್ಟೆಲ್ಲ ಮುಗಿಸಿ ವೃದ್ಧರ ಕಡೆಯಿಂದ ಹಿಂದಕ್ಕೆ ಹೊರಟಾಗ ನಿಜವಾದ ಗೋಡೆ ಎದುರಾಯಿತು. ಮನೆಯ ಎಲ್ಲ ಸ್ವತಂತ್ರ ಸದಸ್ಯರ ಹೆಸರು ಬರೆದ ಮೊದಲ ಜನಗಣತಿ 1850ರದು. ಅದಕ್ಕೆ ಮೊದಲು ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರಿಯ ಸಂಖ್ಯೆ. 1850ರಲ್ಲಿ ಅವರ ಮುತ್ತಜ್ಜಿಯ ಅಜ್ಜಿ ಸಿಕ್ಕಳು. ಹುಟ್ಟಿದ್ದು ಕೆಂಟಕಿಯಲ್ಲಿ ಎಂದಿತ್ತು, ತವರಿನ ಹೆಸರಿರಲಿಲ್ಲ. ಡಿಎನ್‌ಎ ಪರೀಕ್ಷೆ ಬೂನ್ ಸಂತತಿಯವರೊಂದಿಗೆ ನಂಟು ತೋರಿಸಿತೆಂದು ಅವರು ಸಂಭ್ರಮಪಟ್ಟರು. ಡೇನಿಯಲ್‌ನ ತಮ್ಮ ಎಡ್ವರ್ಡ್ ರೆಬೆಕಾಳ ಸೋದರಿ ಮಾರ್ಥಾಳನ್ನು ಮದುವೆಯಾಗಿದ್ದನೆಂದು ನಾನು ಹೇಳಬೇಕಾಯಿತು. ಅಕ್ಕತಂಗಿಯರೇ ವಾರಗಿತ್ತಿಯರಾದ ಮೇಲೆ ಎರಡೂ ಮನೆಗಳ ಮಕ್ಕಳಿಗೆ ಅಜ್ಜ ಅಜ್ಜಿಯರು ನಾಲ್ವರೂ ಒಂದೇ. ಇಂಥ ಕಡೆ ಡಿಎನ್‌ಎ ಒಂದನ್ನೇ ನಂಬಿ ಅಣ್ಣನ ಸಂತತಿ ಯಾವುದು, ತಮ್ಮನದು ಯಾವುದು ಎಂದು ಬೇರ್ಪಡಿಸಲಾಗದು.

ನಾನು ಬರೆದುಕೊಟ್ಟ ವಂಶವೃಕ್ಷದಲ್ಲಿ ಆ ಮುತ್ತಜ್ಜಿಯ ಅಜ್ಜಿಯವರೆಗೆ ಗಟ್ಟಿ ಗೆರೆಯಿದೆ. ಅಲ್ಲಿಂದ ಎರಡು ಚುಕ್ಕೆಗೆರೆಗಳು, ಒಂದು ಡೇನಿಯಲ್‌ನತ್ತ, ಇನ್ನೊಂದು ಎಡ್ವರ್ಡ್‌ನತ್ತ. ವೃದ್ಧರು ಅದನ್ನು ಕಟ್ಟು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕಿದ್ದಾರೆ. ಬಂದವರಿಗೆ ತೋರಿಸುವಾಗ ಅವರ ಬೆರಳು ಡೇನಿಯಲ್‌ನ ಚುಕ್ಕೆಗಳ ಮೇಲೆ ಮಾತ್ರ ಹೋಗುತ್ತದೆ.